ವಾಸಯೋಗ್ಯ ಗ್ರಹ ಸಿಕ್ಕಿತು ಅನ್ನುತ್ತಾರೆ, ಅಲ್ಲಿ ಗಾಳಿ ಇದೆಯಾ ಅಂತ ಯಾಕೆ ಹೇಳುವುದಿಲ್ಲ?

ಬೆಳ್ಳಿಚುಕ್ಕಿ:

2017ರಲ್ಲಿ ಟ್ರಾಪಿಸ್ಟ್-1 ಅನ್ನುವ ಕೆಂಪು ಕುಬ್ಜದ (ಸೂರ್ಯನಿಗಿಂತ ತುಂಬಾ ಚಿಕ್ಕ, ತಂಪು ನಕ್ಷತ್ರ) ಸುತ್ತ ಹೆಚ್ಚುಕಡಿಮೆ ಭೂಮಿಯಷ್ಟೇ ದೊಡ್ಡ ಏಳು ಗ್ರಹಗಳಿವೆ ಅಂತ ಸುದ್ದಿ ಬಂತು. ಅದರಲ್ಲಿ ಮೂರು ವಾಸಯೋಗ್ಯ ವಲಯದಲ್ಲಿವೆ ಅಂದರು. ಇನ್ನೇನು ಕೆಲವೇ ವರ್ಷದಲ್ಲಿ ಎಲ್ಲ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಈಗ 6,000ಕ್ಕೂ ಜಾಸ್ತಿ ಹೊರಗ್ರಹಗಳು (ಬೇರೆ ನಕ್ಷತ್ರಗಳ ಸುತ್ತಲಿನ ಗ್ರಹಗಳು) ಖಚಿತವಾಗಿವೆ, ಜೇಮ್ಸ್ ವೆಬ್ ದೂರದರ್ಶಕವೂ ಕೆಲಸ ಮಾಡುತ್ತಿದೆ. ಆದರೂ ಆ ವಲಯದ ಒಂದೇ ಒಂದು ಕಲ್ಲಿನ ಗ್ರಹದ ಬಗ್ಗೆಯೂ ‘ಇಲ್ಲಿ ಗಾಳಿ ಇದೆ’ ಅಂತ ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ. ಯಾಕೆ? ಇನ್ನೊಂದು ಪ್ರಶ್ನೆ: ಸೂರ್ಯನಂಥ ನಕ್ಷತ್ರಗಳನ್ನು ಬಿಟ್ಟು ಈ ಕೆಂಪು ಕುಬ್ಜಗಳ ಹಿಂದೆ ಬಿದ್ದಿರುವುದೇಕೆ?

ಬೆಳಕಿನಗೆರೆ:

ಬಿಡುವು ಸಿಕ್ಕಾಗಲೆಲ್ಲ ಹೊರಗ್ರಹ ಹುಡುಕುವ ಟೆಸ್ ದೂರದರ್ಶಕದ ದತ್ತಾಂಶ ತೆರೆದು ನಕ್ಷತ್ರಗಳ ಬೆಳಕಿನ ಏರಿಳಿತದ ಗೆರೆ ನೋಡುತ್ತಾ ಕೂರುವವನು ನಾನು. ಅದು ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಗ್ರಹ ತನ್ನ ನಕ್ಷತ್ರದ ಎದುರು ಹಾಯುವಾಗ ಬೆಳಕು ಸ್ವಲ್ಪ ತಗ್ಗುತ್ತದೆ. ದೂರದಿಂದ ಯಾರಾದರೂ ನಮ್ಮ ಸೂರ್ಯನನ್ನು ನೋಡಿದರೆ, ಭೂಮಿ ಅಡ್ಡ ಬಂದಾಗ ಹತ್ತು ಲಕ್ಷದಲ್ಲಿ 84 ಪಾಲು ಬೆಳಕು ಕಡಿಮೆಯಾಗುತ್ತದೆ. ಅಷ್ಟೇ. ಅದೂ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ 13 ಗಂಟೆ. ಅದೂ ನೋಡುವವರು ಸರಿಯಾದ ಕೋನದಲ್ಲಿದ್ದರೆ ಮಾತ್ರ. ಅದರ ಸಾಧ್ಯತೆ ಇನ್ನೂರರಲ್ಲಿ ಒಂದು. ಈಗ ಟ್ರಾಪಿಸ್ಟ್-1ರ ಸುತ್ತಲಿನ ಗ್ರಹ ಟ್ರಾಪಿಸ್ಟ್-1ಇ ನೋಡಿ. ಆ ನಕ್ಷತ್ರ ಗುರುಗ್ರಹಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಹಾಗಾಗಿ ಗ್ರಹ ಅಡ್ಡ ಬಂದರೆ ಹತ್ತು ಲಕ್ಷದಲ್ಲಿ ಸುಮಾರು 5,000 ಪಾಲು ಬೆಳಕು ಹೋಗುತ್ತದೆ. ಅದೂ ಆರು ದಿನಕ್ಕೊಮ್ಮೆ! ಸೂರ್ಯನಂಥ ನಕ್ಷತ್ರಗಳನ್ನು ಯಾರೂ ಕಡೆಗಣಿಸಿಲ್ಲ. ಕೆಪ್ಲರ್ ದೂರದರ್ಶಕ ಅದಕ್ಕೆಂದೇ 2009ರಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಆದರೆ ಆ ನಕ್ಷತ್ರಗಳ ಬೆಳಕೇ ಅಂದುಕೊಂಡದ್ದಕ್ಕಿಂತ ಜಾಸ್ತಿ ಏರಿಳಿಯುತ್ತಿತ್ತು. ಜೊತೆಗೆ 2013ರಲ್ಲಿ ಅದನ್ನು ಒಂದೇ ದಿಕ್ಕಿಗೆ ಹಿಡಿದಿಡುವ ಎರಡನೇ ಚಕ್ರವೂ ಕೆಟ್ಟಿತು. ವರ್ಷಕ್ಕೊಮ್ಮೆ ಬರುವ ಇಳಿತವನ್ನು ಮೂರು ಸಲವಾದರೂ ನೋಡದೆ ಹೇಗೆ ನಂಬುವುದು, ಅಲ್ವಾ?

ಇನ್ನು ಗಾಳಿಯ ವಿಷಯ. ವಾಸಯೋಗ್ಯ ವಲಯ ಅನ್ನುವುದು ಬರೀ ದೂರದ ಲೆಕ್ಕ. ಒಂದು ಗ್ರಹಕ್ಕೆ ಎಷ್ಟು ಬೆಳಕು ಬೀಳುತ್ತದೆ, ಸರಿಯಾದ ಗಾಳಿ ಇದ್ದರೆ ನೀರು ನೀರಾಗಿಯೇ ಇರಬಹುದಾ ಅನ್ನುವುದಷ್ಟೇ ಅದರಲ್ಲಿದೆ. ಆ ‘ಗಾಳಿ ಇದ್ದರೆ’ ಅನ್ನುವುದನ್ನು ಸುದ್ದಿಯವರು ಪ್ರತಿಸಲ ಬಿಟ್ಟುಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ಇಡೀ ಪ್ರಶ್ನೆ ನಿಂತಿರುವುದೇ ಅದರ ಮೇಲೆ. ಶುಕ್ರ ನಮ್ಮ ಪಕ್ಕದಲ್ಲೇ ಇದೆ, ಗಾತ್ರವೂ ಭೂಮಿಯಷ್ಟೇ. ಆದರೆ ಅದರ ದಟ್ಟ ಗಾಳಿಯಿಂದಾಗಿ ನೆಲ ಸುಮಾರು 460 ಡಿಗ್ರಿ ಕಾದಿದೆ.

ಗಾಳಿ ಇದೆಯಾ ಅಂತ ನೋಡುವ ಬಗೆ ಒಂದನ್ನು ಹೇಳುತ್ತೇನೆ. ಟ್ರಾಪಿಸ್ಟ್-1ಬಿ ಎಲ್ಲಕ್ಕಿಂತ ಒಳಗಿನ ಗ್ರಹ. ಅದರ ಒಂದು ಮುಖ ಯಾವಾಗಲೂ ನಕ್ಷತ್ರದ ಕಡೆಗೇ ಇರುತ್ತದೆ ಅಂತ ಲೆಕ್ಕ. ಅದು ನಕ್ಷತ್ರದ ಹಿಂದೆ ಮರೆಯಾಗುವ ಮುಂಚೆ ಇಬ್ಬರ ಶಾಖವೂ ಸೇರಿ ಬರುತ್ತದೆ. ಮರೆಯಾದ ಮೇಲೆ ನಕ್ಷತ್ರದ್ದು ಮಾತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಗ್ರಹದ ಹಗಲು ಮುಖದ ಶಾಖ ಸಿಗುತ್ತದೆ. 2023ರಲ್ಲಿ ವೆಬ್ ಇದನ್ನು ಮಾಡಿ ತೋರಿಸಿತು: ಸುಮಾರು 230 ಡಿಗ್ರಿ. ದಟ್ಟವಾದ ಗಾಳಿ ಇದ್ದಿದ್ದರೆ ಅದು ಶಾಖವನ್ನು ಇರುಳಿನ ಕಡೆಗೆ ಸಾಗಿಸಿ ಹಗಲು ಮುಖವನ್ನು ಇನ್ನಷ್ಟು ತಂಪಾಗಿಸುತ್ತಿತ್ತು. ಅಂದರೆ ಅದು ಬಹುಶಃ ಬರೀ ಬಂಡೆ. 40 ಜ್ಯೋತಿರ್ವರ್ಷ ದೂರದ, ಯಾರೂ ಚುಕ್ಕಿಯಾಗಿಯೂ ಕಂಡಿರದ ಗ್ರಹದ ನೆಲ ಎಷ್ಟು ಬಿಸಿ ಅಂತ ಬರೀ ಕಳೆಯುವ ಲೆಕ್ಕದಿಂದ ತಿಳಿಯಿತಲ್ಲ, ಅದನ್ನು ಓದಿದ ದಿನ ನನಗೆ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ದೂರತೀರ:

ಹಾಗಾದರೆ ಕೆ2-18ಬಿ ಅನ್ನುವ ಹೊರಗ್ರಹ? 2025ರಲ್ಲಿ ಅಲ್ಲಿ ಡೈಮಿಥೈಲ್ ಸಲ್ಫೈಡ್ ಅನ್ನುವ ಅನಿಲದ ಸುಳಿವು ಸಿಕ್ಕಿದೆ, ಅದು ಜೀವದ ಗುರುತು ಅಂತ ದೊಡ್ಡ ಸದ್ದಾಯಿತಲ್ಲ. ನನಗಂತೂ ಅದರ ಮೇಲೆ ತುಂಬಾ ಭರವಸೆ ಇದೆ.

ಬೆಳಕಿನಗೆರೆ:

ಅಲ್ಲಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಇದೆ ಅಂತ 2023ರಲ್ಲಿ ಪ್ರಕಟವಾದದ್ದು ದೊಡ್ಡ ಸಂಗತಿಯೇ. ಡೈಮಿಥೈಲ್ ಸಲ್ಫೈಡ್ ಮಾತು ಬೇರೆ. ಅದೇ ದತ್ತಾಂಶವನ್ನು ಬೇರೆ ತಂಡಗಳು ಮತ್ತೆ ಲೆಕ್ಕ ಹಾಕಿದಾಗ ಗಟ್ಟಿ ಪುರಾವೆ ಸಿಗಲಿಲ್ಲ. ಭೂಮಿಯಲ್ಲಿ ಅದು ಮುಖ್ಯವಾಗಿ ಕಡಲಿನ ಸೂಕ್ಷ್ಮಜೀವಿಗಳಿಂದ ಬರುತ್ತದೆ, ನಿಜ. ಆದರೆ 67ಪಿ ಧೂಮಕೇತುವಿನಲ್ಲೂ ಅದು ಸಿಕ್ಕಿದೆ, ಅಲ್ಲಿ ಜೀವ ಇಲ್ಲವಲ್ಲ. ಮೇಲಾಗಿ ಕೆ2-18ಬಿ ಭೂಮಿಗಿಂತ ಎಂಟು ಪಟ್ಟಿಗೂ ಜಾಸ್ತಿ ಭಾರ. ಕೆಳಗೆ ಕಡಲಿದೆಯಾ, ಬರೀ ದಟ್ಟ ಅನಿಲವಾ ಅನ್ನುವುದೇ ತೀರ್ಮಾನವಾಗಿಲ್ಲ.

ಬೆಳ್ಳಿಚುಕ್ಕಿ:

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ, ಧನ್ಯವಾದ. ಟ್ರಾಪಿಸ್ಟ್-1ಬಿ ಬಂಡೆ ಅಂತ ಆಯಿತು. ವಾಸಯೋಗ್ಯ ವಲಯದಲ್ಲಿರುವ ಟ್ರಾಪಿಸ್ಟ್-1ಇ ಕಥೆ ಏನು?

ಬೆಳಕಿನಗೆರೆ:

ಅದನ್ನೇ ನಾನೂ ಕಾಯುತ್ತಿರುವುದು. ಇ ಅಷ್ಟು ಬಿಸಿಯಿಲ್ಲ, ಅದರ ಶಾಖ ಅಳೆಯುವುದು ಕಷ್ಟ. ಹಾಗಾಗಿ ಅದು ನಕ್ಷತ್ರದ ಎದುರು ಹಾಯುವಾಗ, ಅದರ ಅಂಚಿನ ಗಾಳಿಯಲ್ಲಿ ಸೋಸಿ ಬರುವ ಬೆಳಕನ್ನು ನೋಡಬೇಕು. ತೊಂದರೆ ಇರುವುದು ನಕ್ಷತ್ರದಲ್ಲಿ. ಟ್ರಾಪಿಸ್ಟ್-1ರ ಮೈಮೇಲೆ ಕಲೆಗಳಿವೆ, ಆಗಾಗ ಜ್ವಾಲೆ ಸಿಡಿಯುತ್ತದೆ. ಎಷ್ಟು ತಂಪು ನಕ್ಷತ್ರ ಅಂದರೆ, ನೀರಾವಿಯ ಗುರುತು ಅದರಲ್ಲೇ ಇರುತ್ತದೆ. ಕಂಡದ್ದು ಗ್ರಹದ್ದಾ ನಕ್ಷತ್ರದ್ದಾ ಅಂತ ಬೇರೆ ಮಾಡುವುದೇ ದೊಡ್ಡ ಕೆಲಸ.

ಅದಕ್ಕೊಂದು ಚೆಂದದ ದಾರಿ ಹುಡುಕಿದ್ದಾರೆ. ಬಿ ಮತ್ತು ಇ ಎರಡೂ ಸ್ವಲ್ಪವೇ ಹೊತ್ತಿನ ಅಂತರದಲ್ಲಿ ಅಡ್ಡ ಹಾಯುವ ಸಮಯ ಆರಿಸಿಕೊಳ್ಳುವುದು. ಬಿಗೆ ಗಾಳಿ ಇಲ್ಲ ಅಂತಿಟ್ಟುಕೊಂಡರೆ, ಅದು ಹಾಯುವಾಗ ಕಾಣುವ ಗುರುತೆಲ್ಲ ನಕ್ಷತ್ರದ್ದೇ. ಅದನ್ನು ಇಯ ಬೆಳಕಿನಿಂದ ಕಳೆಯಬಹುದು. ಒಂದೆರಡು ಸಲ ನೋಡಿದರೆ ಸಾಲದು, ಹತ್ತಾರು ಸಲ ಬೇಕು. ಇಗೆ ಗಾಳಿ ಇದೆ ಅಂತಾದರೂ, ಇಲ್ಲ ಅಂತಾದರೂ, ಕೆಂಪು ಕುಬ್ಜಗಳ ಸುತ್ತ ಇನ್ನು ಯಾವ ಗ್ರಹಕ್ಕೆ ಸಮಯ ಕೊಡಬೇಕು ಅನ್ನುವುದು ಆಗ ಗೊತ್ತಾಗುತ್ತದೆ. ನಾನಂತೂ ಇದೆ ಅನ್ನುವ ಕಡೆಗೇ.