ಸಹಾಯ ಬೇಕು: ಗ್ರೆಮ್ಲಿನ್ ಕನ್ಸೋಲ್‌ನಲ್ಲಿ ಕ್ವೆರಿ ಎರಡನೇ ಸಲ ಖಾಲಿ!

ನಮಸ್ಕಾರ. ಗ್ರಾಫ್ ಡೇಟಾಬೇಸ್ (ಮಾಹಿತಿಯನ್ನು ಬಿಂದುಗಳು ಮತ್ತು ಅವುಗಳ ನಡುವಿನ ಕೊಂಡಿಗಳಾಗಿ ಇಡುವಂಥದ್ದು) ಕಲಿಯೋಣ ಅಂತ ಗ್ರೆಮ್ಲಿನ್ ಕನ್ಸೋಲ್, ಅಂದರೆ ಗ್ರೆಮ್ಲಿನ್ ಭಾಷೆಯ ಕ್ವೆರಿ ಟೈಪ್ ಮಾಡಿ ಓಡಿಸುವ ಟೂಲ್, ಹಾಕಿಕೊಂಡಿದ್ದೇನೆ. ಜೊತೆಗೇ ಬರುವ 'ಮಾಡರ್ನ್' ಅನ್ನೋ ಮಾದರಿ ಗ್ರಾಫ್ ತೆಗೆದುಕೊಂಡೆ. 6 ವರ್ಟೆಕ್ಸ್ (ಬಿಂದು), 6 ಎಡ್ಜ್ (ಕೊಂಡಿ), ಅಷ್ಟೇ.

'ಟಿ = ಜಿ.ವಿ()' (ಎಲ್ಲ ವರ್ಟೆಕ್ಸ್ ಕೊಡು ಅನ್ನೋ ಕ್ವೆರಿ) ಅಂತ ಕೊಟ್ಟರೆ ಆರೂ ಸಾಲು ಬರುತ್ತವೆ. ಆಮೇಲೆ 'ಟಿ.ನೆಕ್ಸ್ಟ್()' (ಮುಂದಿನದೊಂದು ಕೊಡು) ಅಂದರೆ ಎರರ್! ಕನ್ಸೋಲ್ ತಾನೇ ಇಟರೇಟ್ ಮಾಡಿ (ಫಲಿತಾಂಶಗಳನ್ನು ಒಂದೊಂದಾಗಿ ಕೊನೆತನಕ ತೆಗೆದು) ಟಿ-ಯನ್ನು ಖಾಲಿ ಮಾಡಿಬಿಡುತ್ತದೆ ಅಂತ ತಿಳಿಯೋಕೆ ಅರ್ಧ ದಿನ ಹೋಯಿತು. ಸಾಲಿನ ಕೊನೆಗೆ '; ನಲ್' (ಖಾಲಿ ಮೌಲ್ಯ) ಸೇರಿಸಿದೆ, ಸರಿಹೋಯಿತು.

ಈಗ ತಲೆನೋವು ಬೇರೆ. ಕನ್ಸೋಲ್‌ನಲ್ಲಿ ಕೆಲಸ ಮಾಡಿದ 'ಆಡ್‌ವಿ' (ವರ್ಟೆಕ್ಸ್ ಸೇರಿಸುವ) ಸಾಲನ್ನೇ ಜಾವಾ ಕೋಡ್‌ಗೆ ಹಾಕಿದರೆ ವರ್ಟೆಕ್ಸ್ ಸೇರುವುದೇ ಇಲ್ಲ. ಎರರೂ ಇಲ್ಲ, ಸುಮ್ನೆ ಕೂತಿರುತ್ತದೆ. ಕೊನೆಗೆ 'ಇಟರೇಟ್()' ಹಾಕಿದರೆ ಮಾತ್ರ ಸೇರುತ್ತದೆ. ಅಲ್ಲಿ ಕನ್ಸೋಲ್ ಮಾಡುತ್ತಿದ್ದ ಕೆಲಸ ಇಲ್ಲಿ ನಾವೇ ಮಾಡಬೇಕು, ಅಲ್ವಾ? ಹಾಗಾದರೆ ನೆಕ್ಸ್ಟ್, ಟುಲಿಸ್ಟ್, ಇಟರೇಟ್, ಯಾವುದು ಯಾವಾಗ? ಗೊತ್ತಿದ್ದವರು ಒಂದೊಂದು ಚಿಕ್ಕ ಉದಾಹರಣೆ ಕೊಡಿ.