ಹಿಂದಿನ ಆಕ್ಸಲ್ ಬೇರಿಂಗ್: ಟೇಪರ್ ಉಳಿಸಿಕೊಳ್ಳೋದಾ, ಸೀಲ್ಡ್ ಬಾಲ್ ಹಾಕಿಸೋದಾ?

ಕೇಳಿದ್ದು: ನನ್ನದು 1969ರ ಪ್ಲಿಮತ್ ರೋಡ್ ರನ್ನರ್ ಕಾರು. ಹಿಂದೆ ಎಂಟೂ ಮುಕ್ಕಾಲು ಇಂಚಿನ (ಒಳಗಿನ ದೊಡ್ಡ ಗೇರಿನ ಅಳತೆ) ಆಕ್ಸಲ್. ಗಂಟೆಗೆ 40 ಮೈಲಿ ದಾಟಿದರೆ ಬಲಗಡೆಯಿಂದ ಗುರ್ ಅನ್ನುತ್ತದೆ. ಈಗಿರುವ ಟೇಪರ್ ರೋಲರ್ (ಓರೆಯಾದ ಉರುಳೆಗಳ ಬೇರಿಂಗ್) ತೆಗೆದು ಸೀಲ್ಡ್ ಬಾಲ್ ಬೇರಿಂಗ್ (ಗ್ರೀಸ್ ತುಂಬಿ ಮುಚ್ಚಿದ, ಗುಂಡುಗಳ ಬೇರಿಂಗ್) ಹಾಕಿಸಿ ಅಂತ ಕೆಲವರು ಅನ್ನುತ್ತಾರೆ. ನೀವೇನು ಹಾಕಿದ್ದೀರಿ?

ಮೊದಲ ಉತ್ತರ: ಸದ್ದು ಬೇರಿಂಗಿನದೇ ಹೌದಾ ನೋಡಿಕೊಳ್ಳಿ. ಆಕ್ಸಿಲರೇಟರ್ ಒತ್ತಿ, ಬಿಡಿ. ಸದ್ದು ಬದಲಾದರೆ ಅನುಮಾನ ಗೇರಿನ ಮೇಲೆ. ಬರೀ ವೇಗದ ಜೊತೆ ಏರಿಳಿದರೆ ಬೇರಿಂಗ್, ಇಲ್ಲವೇ ಟೈರ್. ನಾನು ಹಿಂದಿನ ಟೈರ್ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿ ನೋಡಿದ ಮೇಲೆಯೇ ಆಕ್ಸಲ್ ಬಿಚ್ಚಿದ್ದು.

ಮಿಷಿಗನ್‌ನಲ್ಲಿ 1968ರ ಡಾಡ್ಜ್ ಚಾರ್ಜರ್ ಇಟ್ಟುಕೊಂಡಿದ್ದೇನೆ. ಮೊದಲು ಸೀಲ್ಡ್ ಬಾಲ್ ಹಾಕಿಸಿದ್ದೆ. ಕೆಲಸ ಸುಲಭ, ನಿಜ. ಗ್ರೀಸ್ ತುಂಬುವ ಗೋಜಿಲ್ಲ, ಅಡ್ಜಸ್ಟ್ ಮಾಡುವುದೂ ಇಲ್ಲ. ಆದರೆ ತಿರುವಿನಲ್ಲಿ ಕಾರಿನ ಭಾರ ಪಕ್ಕಕ್ಕೆ ತಳ್ಳುತ್ತದಲ್ಲ, ಅದನ್ನು ತಡೆಯೋಕೆ ಟೇಪರ್ ರೋಲರೇ ಗಟ್ಟಿ. ಬಾಲ್ ಚುಕ್ಕೆಯಷ್ಟು ಜಾಗದಲ್ಲಿ ಭಾರ ಹೊರುತ್ತದೆ. ರೋಲರ್ ತನ್ನ ಉದ್ದಕ್ಕೂ ಹಂಚಿಕೊಳ್ಳುತ್ತದೆ. ನನ್ನದು ಎರಡೇ ಬೇಸಿಗೆಗೆ ಗುಂಯ್ ಅನ್ನತೊಡಗಿತು. ಟೇಪರಿಗೇ ವಾಪಸ್ ಬಂದೆ, ಈಗ ನೆಮ್ಮದಿ.

ಟೇಪರ್ ಹಾಕುವಾಗ ಎಂಡ್ ಪ್ಲೇ (ಆಕ್ಸಲ್ ಒಳಗೆ ಹೊರಗೆ ಸರಿಯುವಷ್ಟು ಸಡಿಲ) ವಿಷಯದಲ್ಲಿ ಮಾತ್ರ ಅವಸರ ಬೇಡ. ಎಡಗಡೆ ಆಕ್ಸಲ್ ಮೊದಲು ಕೂರಿಸಿ ಬಿಗಿ ಮಾಡಿ. ಅಡ್ಜಸ್ಟರ್ ಇರೋದು ಬಲಗಡೆ. ಡಯಲ್ ಗೇಜ್ (ಸೂಕ್ಷ್ಮ ಸರಿತ ಅಳೆಯುವ ಮುಳ್ಳಿನ ಮೀಟರ್) ಇಟ್ಟು, ಅಡ್ಜಸ್ಟರ್ ತಿರುಗಿಸುತ್ತಾ 0.008ರಿಂದ 0.018 ಇಂಚಿನೊಳಗೆ ತನ್ನಿ. ಎಡ ಬಲದ ಎರಡು ಆಕ್ಸಲ್‌ಗಳ ನಡುವೆ ಒಂದರ ಒತ್ತಡ ಇನ್ನೊಂದಕ್ಕೆ ದಾಟಿಸುವ ಥ್ರಸ್ಟ್ ಬ್ಲಾಕ್ ಇರುವುದರಿಂದ ಒಂದು ಕಡೆ ಸರಿಮಾಡಿದರೆ ಎರಡಕ್ಕೂ ಆಯಿತು. ಸುಮ್ನೆ ಕೈಯಲ್ಲಿ ಎಳೆದು ಅಂದಾಜು ಮಾಡಬೇಡಿ. ಗ್ರೀಸನ್ನು ರೋಲರ್‌ಗಳ ಸಂದಿಯಿಂದ ಹೊರಗೆ ಬರುವವರೆಗೂ ತುಂಬಿ. ಸೀಲ್‌ಗಳೂ ಹೊಸದೇ ಇರಲಿ, ಇಲ್ಲದಿದ್ದರೆ ಗೇರ್ ಎಣ್ಣೆ ನುಗ್ಗಿ ಗ್ರೀಸ್ ತೊಳೆದುಹೋಗುತ್ತದೆ.

ಎರಡನೆಯವರು: ನನ್ನ ಕಾರು ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನೇರ ರೇಸಿನ ಟ್ರ್ಯಾಕ್) ಕಾಲು ಮೈಲಿ ನೆಟ್ಟಗೆ ಓಡುತ್ತದೆ, ಅಷ್ಟೇ. ಸೀಲ್ಡ್ ಬಾಲ್ ಹಾಕಿ ಆರು ವರ್ಷವಾಯಿತು, ತೊಂದರೆ ಇಲ್ಲ. ಆಕ್ಸಲ್ ಪದೇ ಪದೇ ಹೊರಗೆ ತೆಗೆಯುವವರಿಗೆ ಅದೇ ವಾಸಿ. ನಿಮ್ಮದು ರಸ್ತೆಯಲ್ಲಿ ಜಾಸ್ತಿ ಓಡೋ ಕಾರು ಅಲ್ವಾ? ಟೇಪರ್ ಬಿಡಬೇಡಿ.

ಮೂರನೆಯವರು: ಹಳೆ ಬೇರಿಂಗ್ ತೆಗೆಯೋಕೆ ಗ್ಯಾಸ್ ಟಾರ್ಚ್ ಹಿಡಿಯಲು ಯಾರಿಗೂ ಬಿಡಬೇಡಿ. ಆ ಕಾವಿಗೆ ಆಕ್ಸಲಿನ ಉಕ್ಕಿನ ಹದ ಕೆಡುತ್ತದೆ. ಬೇರಿಂಗನ್ನು ಆಕ್ಸಲ್ ಮೇಲೆ ಹಿಡಿದಿಡುವ ರಿಟೇನರ್ ಉಂಗುರಕ್ಕೆ ಉಳಿಯಿಂದ ಏಟು ಕೊಟ್ಟು ಸಡಿಲಿಸಿ. ಹೊಸದನ್ನು ಪ್ರೆಸ್‌ನಲ್ಲಿ ಒತ್ತುವ ಮೊದಲು ರಿಟೇನರ್ ಪ್ಲೇಟ್ (ಬೇರಿಂಗನ್ನು ಕೊಳವೆಯ ತುದಿಗೆ ಬಿಗಿಯುವ ತಟ್ಟೆ) ಆಕ್ಸಲಿಗೆ ಏರಿಸಿದ್ದೀರಾ ನೋಡಿ. ಮರೆತರೆ ಹೊಸ ಬೇರಿಂಗನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.