ಕಿವಿಗೆ ದಬ್ಬಳ ಚುಚ್ಚುವ ವಚನದ ಬಗ್ಗೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಈ ಸಂದೇಶ ಸ್ವಲ್ಪ ದೀರ್ಘವಾಗುತ್ತದೆ, ಕೆಲಸವೆಲ್ಲ ಮುಗಿದ ಮೇಲೆ ನಿಧಾನವಾಗಿ ಕೇಳಿಸಿಕೊಳ್ಳಿ. ನಿನ್ನೆ ರಾತ್ರಿ ತಂಗಿಯ ಮಗಳು ಇಲ್ಲಿ ಒಂದು ಪ್ರಶ್ನೆ ಕೇಳಿದ್ದಳು. ಸತ್ಯವೇದದ ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ದಾಸರನ್ನು ಕೊಂಡುಕೊಳ್ಳುವುದಕ್ಕೇ ನಿಯಮಗಳಿರುವಾಗ, ಅದೇ ಗ್ರಂಥದಿಂದ ನ್ಯಾಯ ಕಲಿಯಿರಿ ಎಂದು ಹಿರಿಯರು ನಮಗೆ ಹೇಗೆ ಹೇಳುತ್ತೀರಿ ಎಂಬುದು ಅವಳ ಪ್ರಶ್ನೆ. ಅದಕ್ಕೆ ಅಣ್ಣ, ಅಂದಿನ ದಾಸತ್ವವೆಂದರೆ ಆರು ವರ್ಷದ ಗುತ್ತಿಗೆ ಕೆಲಸವಿದ್ದಂತೆ, ಅಮೆರಿಕದ ಗುಲಾಮಗಿರಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಉತ್ತರಿಸಿದರು. ಅಣ್ಣಾ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಹೇಳದೆ ಬಿಟ್ಟರೆ ಈ ಹುಡುಗಿಗೆ ಮೋಸ ಮಾಡಿದಂತಾಗುತ್ತದೆ ಎಂದು ನನಗೆ ಅನ್ನಿಸಿದ್ದರಿಂದ ಈ ಉತ್ತರ.

ಮೊದಲು ಅಣ್ಣನ ಅರ್ಧ. ಸಾಲ ತೀರಿಸಲಾಗದೆ ತನ್ನನ್ನು ತಾನೇ ಮಾರಿಕೊಂಡ ಇಬ್ರಿಯನು, ಅಂದರೆ ಇಸ್ರಾಯೇಲ್ಯನು, ಆರು ವರ್ಷ ದುಡಿದು ಏಳನೆಯ ವರ್ಷದಲ್ಲಿ ಏನನ್ನೂ ಕೊಡದೆ ಬಿಡುಗಡೆ ಹೊಂದಬೇಕಿತ್ತು. ಯಜಮಾನನು ಹೊಡೆದು ಅವನ ಕಣ್ಣನ್ನು ಕಳೆದರೆ, ಒಂದು ಹಲ್ಲನ್ನು ಉದುರಿಸಿದರೂ ಸರಿ, ಅದಕ್ಕೆ ಪ್ರತಿಯಾಗಿ ಅವನನ್ನು ಬಿಟ್ಟುಬಿಡಬೇಕಿತ್ತು. ಮನುಷ್ಯನನ್ನು ಕದ್ದು ಮಾರಿದವನಿಗೆ ಮರಣದಂಡನೆ. ಅವಧಿಯ ವಿಷಯಕ್ಕೆ ಬಂದರೆ, ಸಾಲಕ್ಕಾಗಿ ಮಾರಲ್ಪಟ್ಟ ಹೆಂಡತಿ ಮಕ್ಕಳನ್ನು ಮೂರೇ ವರ್ಷಕ್ಕೆ ಬಿಡಬೇಕೆಂದು ಬಾಬೆಲಿನ ಅರಸ ಹಮ್ಮುರಾಬಿಯ ಶಾಸನ ಹೇಳಿತ್ತು, ಆದ್ದರಿಂದ ಆರು ವರ್ಷವೆಂಬುದೇ ದೊಡ್ಡ ಕರುಣೆ ಎಂದು ನಾವು ಹೆಮ್ಮೆಪಡುವಂತಿಲ್ಲ. ಆದರೆ ಓಡಿಹೋದ ದಾಸನನ್ನು ಮನೆಯಲ್ಲಿ ಬಚ್ಚಿಟ್ಟವನನ್ನು ಕೊಲ್ಲಬೇಕೆಂದು ಅದೇ ಹಮ್ಮುರಾಬಿ ವಿಧಿಸಿದ್ದರೆ, ತಪ್ಪಿಸಿಕೊಂಡು ಬಂದವನನ್ನು ಯಜಮಾನನಿಗೆ ಒಪ್ಪಿಸಬೇಡಿರಿ, ಅವನು ಆರಿಸಿಕೊಂಡ ಊರಿನಲ್ಲಿಯೇ ಇರಲಿ ಎಂದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಹೇಳುತ್ತದೆ. ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕೆಂದು 1850ರಲ್ಲಿ ಅಮೆರಿಕ ಕಾನೂನು ಮಾಡಿದಾಗ, ಗುಲಾಮಗಿರಿಯ ವಿರೋಧಿಗಳು ಎತ್ತಿ ಹಿಡಿದದ್ದು ಈ ವಚನವನ್ನೇ.

ಇನ್ನು ಉಳಿದ ಅರ್ಧ. ಅಮೆರಿಕದ ಯಜಮಾನರ ಕೈಯಲ್ಲಿಯೂ ವಚನವಿತ್ತು, ಅಣ್ಣಾ. ಸುತ್ತಲಿನ ಜನಾಂಗಗಳಿಂದ ದಾಸದಾಸಿಯರನ್ನು ಕೊಂಡುಕೊಳ್ಳಬಹುದು, ಅವರನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು ಎಂದು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿದೆ. ಐವತ್ತನೆಯ ವರ್ಷದ ಜೂಬಿಲಿ ಬಿಡುಗಡೆಯನ್ನು ಸಾರುವ ಅಧ್ಯಾಯವೂ ಅದೇ. ಇನ್ನು ವಿಮೋಚನಕಾಂಡದ ಆ 21ನೆಯ ಅಧ್ಯಾಯದ ಪ್ರಕಾರ, ಯಜಮಾನನು ದಾಸನನ್ನು ಕೋಲಿನಿಂದ ಹೊಡೆದಾಗ ಅವನು ಅಲ್ಲಿಯೇ ಸತ್ತರೆ ಶಿಕ್ಷೆಯುಂಟು, ಒಂದೆರಡು ದಿನ ಬದುಕಿದರೆ ಶಿಕ್ಷೆಯಿಲ್ಲ, ಏಕೆಂದರೆ ಅವನು ಯಜಮಾನನ ಹಣ. ಈ ವಚನವನ್ನು ಯಾರ ಎದುರಿಗಾದರೂ ಗಟ್ಟಿಯಾಗಿ ಓದಿ ನೋಡಿ. ಇದನ್ನು ಗುತ್ತಿಗೆ ಕೆಲಸವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸ್‌ನ ಗುಲಾಮರಿಗೆಂದೇ, ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಹೊರಟುಬಂದ ಕಥೆಯನ್ನು ತೆಗೆದುಹಾಕಿದ ಸತ್ಯವೇದವೊಂದನ್ನು ಅಚ್ಚು ಹಾಕಿಸಿದ್ದರು. ಬೇಡವಾದ ವಚನವನ್ನು ದಾಟಿಕೊಂಡು ಹೋಗುವ ಅಭ್ಯಾಸ ನಮಗೆ ಆಗಬಾರದು.

ಮಗಳೇ, ನೀನು ಕೇಳಿದ ಅಧ್ಯಾಯದಲ್ಲಿ ನನ್ನನ್ನು ಬಹಳ ಕಾಡಿದ್ದು ಬೇರೊಂದು ವಚನ. ಏಳನೆಯ ವರ್ಷ ಬಂದಾಗ ದಾಸನು, ನಾನು ನನ್ನ ಯಜಮಾನನನ್ನೂ ಹೆಂಡತಿ ಮಕ್ಕಳನ್ನೂ ಪ್ರೀತಿಸುತ್ತೇನೆ, ಬಿಡುಗಡೆ ಬೇಡ ಎಂದರೆ, ಅವನನ್ನು ಬಾಗಿಲಿನ ನಿಲುವುಪಟ್ಟಿಯ ಹತ್ತಿರ ನಿಲ್ಲಿಸಿ ಕಿವಿಗೆ ದಬ್ಬಳ ಚುಚ್ಚಬೇಕು, ಆಮೇಲೆ ಅವನು ಸದಾಕಾಲಕ್ಕೂ ದಾಸ. ಚಿಕ್ಕವಳಿದ್ದಾಗ ಭಾನುವಾರದ ಶಾಲೆಯಲ್ಲಿ ಇದನ್ನು ಪ್ರೀತಿಯ ಸೇವೆಗೆ ಉದಾಹರಣೆಯಾಗಿ ಕೇಳಿದ್ದೆ. ಅದರ ಹಿಂದಿನ ವಚನವನ್ನು ನಮಗೆ ಯಾರೂ ಓದಿ ಹೇಳಲಿಲ್ಲ. ಯಜಮಾನನು ಕೊಟ್ಟ ಹೆಂಡತಿಯಾಗಿದ್ದರೆ ಆಕೆಯೂ ಆಕೆಯ ಮಕ್ಕಳೂ ಯಜಮಾನನಿಗೇ ಸೇರತಕ್ಕವರು, ಅವನು ಒಬ್ಬನೇ ಹೋಗಬೇಕು ಎಂದು ಅಲ್ಲಿದೆ. ಎರಡನ್ನೂ ಕೂಡಿಸಿ ಓದಿದರೆ, ಬಾಗಿಲ ಬಳಿ ನಿಂತವನು ಯಜಮಾನನ ಪ್ರೀತಿಗೆ ಉಳಿದನೋ, ಕೈಹಿಡಿದುಕೊಂಡ ಕೂಸನ್ನು ಬಿಟ್ಟು ಹೋಗಲಾರದೆ ಉಳಿದನೋ ಎಂದು ನಾವೇ ಕೇಳಿಕೊಳ್ಳಬೇಕಾಗುತ್ತದೆ. ಇಸ್ರಾಯೇಲ್ಯರು ನನಗೇ ದಾಸರೆಂದು ಸೀನಾಯಿ ಬೆಟ್ಟದಲ್ಲಿ ದೇವರು ಹೇಳಿದ್ದನ್ನು ಕೇಳಿದ ಕಿವಿಯೇ ಇನ್ನೊಬ್ಬ ಯಜಮಾನನನ್ನು ಹುಡುಕಿಕೊಂಡಿತಲ್ಲ, ಅದಕ್ಕಾಗಿ ಅದನ್ನು ಚುಚ್ಚುತ್ತಾರೆ ಎಂದು ಯೆಹೂದ್ಯ ಗುರು ಯೋಹಾನಾನ್ ಬೆನ್ ಜಕ್ಕೈ ಅರ್ಥ ಹೇಳಿದ್ದರು. ಬಿಡುಗಡೆಯೇ ದೇವರ ಚಿತ್ತವೆಂದು ಹೇಳುವ ಆ ಮಾತನ್ನು ನಾನು ಗೌರವಿಸುತ್ತೇನೆ. ಆದರೂ ತಪ್ಪೆಲ್ಲ ಆ ಕಿವಿಯದೇ ಎನ್ನಲು ನನ್ನಿಂದಾಗದು.

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣ ನಮ್ಮ ಅಜ್ಜನ ಅಡಿಕೆ ತೋಟದ ಲೆಕ್ಕದ ಪುಸ್ತಕ. ಕೆಂಪು ರಟ್ಟಿನ ಆ ಉದ್ದನೆಯ ಪುಸ್ತಕವನ್ನು ನಾನು ಕಾಲೇಜಿನಲ್ಲಿದ್ದಾಗ ಅಟ್ಟದಿಂದ ಇಳಿಸಿ ನೋಡಿದ್ದೆ. ಒಬ್ಬ ಆಳಿಗೆ ಒಂದು ಪುಟ. ಮೊದಲ ಸಾಲು ಮದುವೆಗೆ ಮುಂಗಡ, ಅದರ ಕೆಳಗೆ ಅಕ್ಕಿ, ಮತ್ತೆ ಅಕ್ಕಿ, ಮಗುವಿನ ಜ್ವರಕ್ಕೆ ಔಷಧ, ಒಂದು ಕಂಬಳಿ. ಬಲಗಡೆ ಕೂಲಿಯಲ್ಲಿ ಮುರಿದುಕೊಂಡ ಲೆಕ್ಕ. ಪುಟದ ಕೊನೆಯ ಬಾಕಿ ಪ್ರತಿ ವರ್ಷವೂ ಮೊದಲಿಗಿಂತ ಹೆಚ್ಚಾಗಿಯೇ ಇತ್ತು. ಒಂದು ಪುಟದಲ್ಲಿ ತಂದೆಯ ಹೆಸರಿನ ಮೇಲೆ ಗೀಟು ಎಳೆದು, ಅದೇ ಬಾಕಿಯ ಎದುರಿಗೆ ಮಗನ ಹೆಸರು ಬರೆದಿತ್ತು. ಅಜ್ಜ ಯಾರಿಗೂ ಕೈ ಮಾಡಿದವರಲ್ಲ, ಊಟ ಹಾಕದೆ ಕಳುಹಿಸಿದವರಲ್ಲ, ಪ್ರತಿ ಸಂಜೆ ಕುಟುಂಬ ಪ್ರಾರ್ಥನೆ ನಡೆಸಿದವರು. ಆದರೂ ಆ ಮನೆಯಲ್ಲಿ ಏಳನೆಯ ವರ್ಷ ಬರಲೇ ಇಲ್ಲ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲಗಳನ್ನೆಲ್ಲ ಒಂದೇ ಏಟಿಗೆ ವಜಾ ಮಾಡಿದ ಮೇಲೆ ಆ ಪುಟಗಳು ಖಾಲಿ ಉಳಿದವು.

ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ಬಿಡುಗಡೆಯ ಮೇಲೆ ಇನ್ನೊಂದು ಹೊಣೆಯನ್ನು ಹೊರಿಸುತ್ತದೆ. ಅವನನ್ನು ಬರಿಗೈಯಲ್ಲಿ ಕಳುಹಿಸಬೇಡ. ನಿನ್ನ ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷೆಯ ಆಲೆಯಿಂದಲೂ ಧಾರಾಳವಾಗಿ ಕೊಡು, ನೀನೂ ಐಗುಪ್ತದಲ್ಲಿ ದಾಸನಾಗಿದ್ದದ್ದನ್ನು ನೆನಪಿಸಿಕೋ ಎನ್ನುತ್ತದೆ. ಇದು ದಾನವಲ್ಲ, ಆ ಕಣವನ್ನು ತುಂಬಿದ ಕೈಗೆ ಸಲ್ಲಬೇಕಾದ ಪಾಲು. ಈ ನಿಯಮವನ್ನು ಅಂದಿನ ಇಸ್ರಾಯೇಲ್ಯರೂ ಸರಿಯಾಗಿ ಪಾಲಿಸಲಿಲ್ಲ ಎಂಬುದಕ್ಕೆ ಯೆರೆಮೀಯನ 34ನೆಯ ಅಧ್ಯಾಯ ಸಾಕ್ಷಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದಾಗ ಅರಸನಾದ ಚಿದ್ಕೀಯನೂ ಪ್ರಧಾನರೂ ದಾಸರನ್ನು ಬಿಟ್ಟರು, ಸೈನ್ಯ ಹಿಂದೆ ಸರಿದ ಕೂಡಲೇ ಅವರನ್ನೇ ಮತ್ತೆ ಹಿಡಿದು ತಂದರು. ಹಾಗಾದರೆ ನಿಮ್ಮನ್ನು ಖಡ್ಗಕ್ಕೂ ವ್ಯಾಧಿಗೂ ಕ್ಷಾಮಕ್ಕೂ ಬಿಟ್ಟುಕೊಡುತ್ತೇನೆ ಎಂದು ಪ್ರವಾದಿಯ ಬಾಯಿಂದ ಬಂದ ತೀರ್ಪಿನಲ್ಲಿ, ಮಗಳೇ, ನಿನ್ನ ಪ್ರಶ್ನೆಯ ಸಿಟ್ಟೇ ನನಗೆ ಕೇಳಿಸುತ್ತದೆ. ಆದ್ದರಿಂದ ನೀನು ಗ್ರಂಥದ ಹೊರಗೆ ನಿಂತು ಕೇಳುತ್ತಿದ್ದೀಯೆ ಎಂದು ನಾನು ಒಪ್ಪುವುದಿಲ್ಲ.

ಅಣ್ಣಾ, ಆ ಕೆಂಪು ಪುಸ್ತಕ ನಿಮ್ಮ ಅಟ್ಟದಲ್ಲಿಯೇ ಇದೆ ಎಂದು ಅತ್ತಿಗೆ ಹೇಳಿದರು. ಕ್ರಿಸ್ಮಸ್ಸಿಗೆ ನಾವೆಲ್ಲ ಬಂದಾಗ ದಯವಿಟ್ಟು ಅದನ್ನು ಕೆಳಗಿಳಿಸಿಡಿ. ಗೀಟು ಎಳೆದ ಆ ಪುಟದಲ್ಲಿರುವ ಮಗನಿಗೂ ಮಕ್ಕಳಿದ್ದಾರೆ, ಅವರು ತೋಟದ ಕೆಳಗಿನ ರಸ್ತೆಯ ಪಕ್ಕದಲ್ಲಿಯೇ ಇದ್ದಾರೆ. ಅವರ ತಂದೆ ನಮ್ಮ ಮನೆಯಿಂದ ಹೊರಟ ದಿನ ಕೈಯಲ್ಲಿ ಏನಿತ್ತು ಎಂದು ನಾನು ಅವರನ್ನೇ ಹೋಗಿ ಕೇಳಬೇಕೆಂದಿದ್ದೇನೆ, ನೀವೂ ನನ್ನ ಜೊತೆಗೆ ಬನ್ನಿ.